ಬೆಂಕಿತಡೆ ಬಾಗಿಲಿಗೆ ತಕ್ಕ ಸೀಲು

ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿ ಕೆಳಗೆ ಅಂಗಡಿ, ಮೇಲೆ ವಸತಿ ಇರುವ ಮನೆಗಳುಂಟು. ಇಂಥಲ್ಲಿ ಕೆಳಗೆ ಬೆಂಕಿ ಹೊತ್ತಿದರೆ ಜ್ವಾಲೆಗಿಂತ ಮೊದಲು ಹೊಗೆಯೇ ಮೆಟ್ಟಿಲೇರಿ ಮಲಗಿದ ಮಕ್ಕಳನ್ನೂ ವೃದ್ಧರನ್ನೂ ಮುತ್ತುತ್ತದೆ. ಆದ್ದರಿಂದ ಒಳಗೆ ಬೆಂಕಿತಡೆ ಬಾಗಿಲು ಕೂಡಿಸುವ ಸದ್ಗೃಹಸ್ಥರು ಹಲಗೆಯ ದಪ್ಪವನ್ನಷ್ಟೇ ಅಲ್ಲದೆ ಅಂಚಿನ ಸಂದನ್ನೂ ಗಮನಿಸಬೇಕೆಂದು ನಾವು ಬಿನ್ನವಿಸುತ್ತೇವೆ.

ಸೀಲುಗಳಲ್ಲಿ ಎರಡು ಬಗೆ. ಮೊದಲನೆಯದು ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಉಬ್ಬಿ ಸಂದನ್ನು ಮುಚ್ಚುವ ಪಟ್ಟಿ. ಇದು ಬೆಂಕಿಯನ್ನು ತಡೆಯುವುದಾದರೂ, ಉಬ್ಬುವ ಮುನ್ನ ನುಸುಳುವ ಹೊಗೆಯನ್ನು ತಡೆಯಲಾರದು. ಅದಕ್ಕೆ ಕುಂಚದ ಅಥವಾ ರಬ್ಬರಿನ ಅಂಚುಳ್ಳ ಎರಡನೆಯ ಬಗೆ ಬೇಕು. ಮೆಟ್ಟಿಲಿನ ಬಾಗಿಲಿಗೂ ಮಲಗುವ ಕೋಣೆಗೂ ಎರಡೂ ಕೂಡಿದ ಪಟ್ಟಿಯೇ ಯೋಗ್ಯ. ಬದಿಗಳಲ್ಲಿಯೂ ಮೇಲೆಯೂ ಸಂದು 3ರಿಂದ 4 ಮಿಲಿಮೀಟರಿನೊಳಗಿರಲಿ. ಬಾಗಿಲಿನ ಪರೀಕ್ಷಾ ಪತ್ರದಲ್ಲಿ ಹೇಳಿದ ಸೀಲನ್ನೇ ಕೊಳ್ಳಬೇಕು; ಅದರ ಮೇಲೆ ಬಣ್ಣ ಬಳಿಯಬಾರದು.

ಒಂದು ಎಚ್ಚರಿಕೆ. ಅಡುಗೆ ಅನಿಲವು ಗಾಳಿಗಿಂತ ಭಾರವಾದುದರಿಂದ, ಸೋರಿದರೆ ನೆಲಮಟ್ಟದಲ್ಲಿ ನಿಲ್ಲುತ್ತದೆ. ಅಡುಗೆಮನೆಯ ಬಾಗಿಲಿಗೆ ಸೀಲು ಹಾಕಿದ ಮೇಲೂ ಹೊರಗೋಡೆಯ ಬುಡದ ಗಾಳಿಗಂಡಿ ತೆರೆದೇ ಇರಬೇಕು. ಬಾಗಿಲು ಮಾತ್ರ ತಾನಾಗಿಯೇ ಮುಚ್ಚಿಕೊಳ್ಳುವಂತಿರಲಿ. ಇಟ್ಟಿಗೆಯನ್ನು ಒತ್ತುಕೊಟ್ಟು ತೆರೆದಿಟ್ಟ ಬಾಗಿಲಿಗೆ ಎಂಥ ಸೀಲೂ ವ್ಯರ್ಥವೇ ಸರಿ.