ಕನ್ನಡಿ ತೆರವಾದ ಜಾಗದಲ್ಲಿ ಗಾಜು

ಹಂಪಿಯ ಮಾತಂಗ ಬೆಟ್ಟದ ನೆತ್ತಿಯಲ್ಲಿ ಸೂರ್ಯೋದಯಕ್ಕೆ ಟ್ರೈಪಾಡ್ ಊರಿ ಕಾಯುವವರು ತಮ್ಮ ಲೆನ್ಸಿನಿಂದ ಕೇಳುವುದು ಸಣ್ಣ ಸಂಗತಿಯಲ್ಲ. ಕಾಲಬುಡದ ಬಂಡೆಗೆ ಅಂಟಿದ ಕಲ್ಲುಹೂವು ಕಾಣಬೇಕು, ಕೆಳಗಿನ ಅಚ್ಯುತರಾಯ ದೇವಾಲಯದ ಪ್ರಾಕಾರ ಕಾಣಬೇಕು, ಅದರಾಚೆ ತುಂಗಭದ್ರೆ, ಇನ್ನೂ ಆಚೆ ಬಂಡೆಗುಡ್ಡಗಳ ಸಾಲು. ಚಿತ್ರದ ನಡುಭಾಗದಲ್ಲಿ ಮಾತ್ರವಲ್ಲ, ನಾಲ್ಕೂ ಮೂಲೆಗಳಲ್ಲಿ ಎಲ್ಲವೂ ಸ್ಪಷ್ಟವಾಗಿರಬೇಕು. ಹಕ್ಕಿಯ ಫೋಟೊದಲ್ಲಿ ಮೂಲೆ ಮಸುಕಾದರೆ ಯಾರೂ ಕೇಳುವುದಿಲ್ಲ. ವ್ಯಕ್ತಿಚಿತ್ರದಲ್ಲಂತೂ ಹಿನ್ನೆಲೆಯ ಮಸುಕೇ ಚೆಂದ. ನಿಸರ್ಗದೃಶ್ಯದಲ್ಲಿ ಮೂಲೆಗೂ ನಡುವಿನಷ್ಟೇ ಹಕ್ಕಿದೆ.

ಕ್ಯಾಮೆರಾದೊಳಗಿನ ಕನ್ನಡಿ ಹೋದದ್ದರಿಂದ ಹೆಚ್ಚು ಲಾಭವಾದದ್ದು ಇವರಿಗೇ ಎಂದು ನನ್ನ ಎಣಿಕೆ. ಮಿರರ್‌ಲೆಸ್ ಕ್ಯಾಮೆರಾ ಎಂದೊಡನೆ ಹಗುರ ಎಂಬ ಮಾತು ಬರುತ್ತದೆ. ತೂಕ ಇಳಿದದ್ದು ನಿಜ, ಆದರೆ ಮುಖ್ಯವಾದ ಬದಲಾವಣೆ ಆಗಿರುವುದು ಲೆನ್ಸಿಗೂ ಸೆನ್ಸರಿಗೂ ನಡುವಿನ ಕೆಲವೇ ಮಿಲಿಮೀಟರ್ ಜಾಗದಲ್ಲಿ.

ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಲೆನ್ಸಿನ ಹಿಂದೆ 45 ಡಿಗ್ರಿ ಓರೆಯಾಗಿ ಒಂದು ಕನ್ನಡಿ ಇರುತ್ತದೆ. ಒಳಬಂದ ಬೆಳಕನ್ನು ಅದು ಮೇಲಕ್ಕೆ ತಿರುಗಿಸುತ್ತದೆ; ಪೆಂಟಾಪ್ರಿಸಂ ಎಂಬ ಗಾಜಿನ ಗಟ್ಟಿ ಅದನ್ನು ಕಣ್ಣಿಗೆ ತಲುಪಿಸುತ್ತದೆ. ಗುಂಡಿ ಒತ್ತಿದಾಗ ಕನ್ನಡಿ ಮೇಲೆದ್ದು ದಾರಿ ಬಿಡುತ್ತದೆ. ಬೆಳಕು ತಾಗಿದರೆ ಕೆಡುವ ಫಿಲ್ಮಿನ ಕಾಲದಲ್ಲಿ, ಲೆನ್ಸ್ ನೋಡುವುದನ್ನೇ ಕಣ್ಣೂ ನೋಡಲು ಇದೊಂದು ಜಾಣ ಉಪಾಯವಾಗಿತ್ತು. ಆದರೆ ಏಳುವ ಕನ್ನಡಿಗೆ ಜಾಗ ಬೇಕು. 1959ರಲ್ಲಿ ಬಂದ ನಿಕಾನ್ ಎಫ್ ಕ್ಯಾಮೆರಾದಲ್ಲಿ ಲೆನ್ಸ್ ಕೂರುವ ಲೋಹದ ಬಳೆಯಿಂದ ಫಿಲ್ಮಿಗೆ 46.5 ಮಿ.ಮೀ. ದೂರ. ಅಷ್ಟರೊಳಗೆ ಗಾಜು ಹೆಚ್ಚು ಒಳಗೆ ಚಾಚುವಂತಿಲ್ಲ.

ವಿಶಾಲ ದೃಶ್ಯ ಹಿಡಿಯುವ ವೈಡ್ ಆ್ಯಂಗಲ್ ಲೆನ್ಸಿಗೆ ಈ ದೂರವೇ ಕಂಟಕ. 20 ಮಿ.ಮೀ. ನಾಭಿದೂರದ ಸರಳ ಲೆನ್ಸು ದೂರದ ದೃಶ್ಯವನ್ನು ಮೂಡಿಸುವುದು ತನ್ನಿಂದ 20 ಮಿ.ಮೀ. ಹಿಂದೆ. ಆ ಜಾಗದಲ್ಲಿ ಕನ್ನಡಿ ಕೂತಿದೆ! ಹಾಗಾಗಿ ಮುಂದೆ ಒಂದು ದೊಡ್ಡ ನಿಮ್ನ ಮಸೂರ ಇಟ್ಟು ಬೆಳಕನ್ನು ಮೊದಲು ಹರಡಿ, ಆಮೇಲೆ ಕೂಡಿಸಿ, ಬಿಂಬವನ್ನು ಹಿಂದಕ್ಕೆ ದೂಡಬೇಕಾಯಿತು. ಫ್ರಾನ್ಸಿನ ಆಂಜೆನಿಯೊ ಕಂಪನಿ 1950ರಲ್ಲಿ 35 ಎಂ.ಎಂ. ಸ್ಥಿರಚಿತ್ರ ಕ್ಯಾಮೆರಾಗೆ ಇಂಥ ಲೆನ್ಸ್ ತಂದು ಅದಕ್ಕೆ ರೆಟ್ರೋಫೋಕಸ್ ಎಂದು ಹೆಸರಿಟ್ಟಿತು.

ಈ ಉಪಾಯಕ್ಕೆ ಬೆಲೆ ತೆರಬೇಕು. ಬೆಳಕಿನ ಕಿಂಡಿಯಾದ ಅಪರ್ಚರಿನ ಆಚೆ ಈಚೆ ಒಂದೇ ತೆರನ ಗಾಜುಗಳಿದ್ದರೆ ಮುಂದಿನ ಅರ್ಧ ಮಾಡಿದ ತಪ್ಪನ್ನು ಹಿಂದಿನ ಅರ್ಧ ಬಹುಮಟ್ಟಿಗೆ ತಿದ್ದುತ್ತದೆ. ನೇರ ಗೆರೆ ಬಾಗುವುದು, ಮೂಲೆಯ ಚುಕ್ಕಿಗಳಿಗೆ ಬಾಲ ಬರುವುದು, ಬಂಡೆಯಂಚಿಗೆ ನೇರಳೆ-ಹಸಿರು ಗೆರೆ ಕೂರುವುದು, ಮೂರೂ ಕಡಿಮೆಯಾಗುತ್ತವೆ. ರೆಟ್ರೋಫೋಕಸ್ ಈ ಸಮತೋಲವನ್ನೇ ಮುರಿಯುತ್ತದೆ; ತಿದ್ದಲು ಮತ್ತಷ್ಟು ಗಾಜು ತುಂಬಬೇಕು. 1950ರ ದಶಕದಲ್ಲಿ ಲುಡ್ವಿಗ್ ಬರ್ಟೆಲೆ ರೂಪಿಸಿದ ಜೈಸ್ ಬಯೊಗಾನ್ ಸಮತೋಲದ ದಾರಿಯನ್ನೇ ಹಿಡಿದು, ಕನ್ನಡಿಯಿಲ್ಲದ ಕ್ಯಾಮೆರಾದಲ್ಲಿ ಫಿಲ್ಮಿನ ಹತ್ತಿರದವರೆಗೂ ಗಾಜು ಚಾಚಿತ್ತು. ನಿಕಾನ್ ಕೂಡ ತನ್ನ ಎಫ್‌ಗೆ ಅಂಥದೇ 21 ಮಿ.ಮೀ. ಲೆನ್ಸ್ ಮಾಡಿತು. ಅದನ್ನು ಹಾಕಬೇಕಾದರೆ ಕನ್ನಡಿಯನ್ನು ಮೇಲೆತ್ತಿ ಬಿಗಿದು, ದೃಶ್ಯ ನೋಡಲು ಕ್ಯಾಮೆರಾದ ಮೇಲೆ ಬೇರೊಂದು ವ್ಯೂಫೈಂಡರ್ ಸಿಕ್ಕಿಸಬೇಕಿತ್ತು.

ಕನ್ನಡಿ ಬೇಡವೆನ್ನುವ ಧೈರ್ಯ ಬಂದದ್ದು ಸೆನ್ಸರಿನಿಂದ. ಅದು ತಾನು ಕಂಡದ್ದನ್ನು ಆ ಕ್ಷಣವೇ ಪರದೆಗೆ ಕಳಿಸಬಲ್ಲದು. 2008ರಲ್ಲಿ ಪ್ಯಾನಸೋನಿಕ್ ಜಿ1, 2013ರಲ್ಲಿ ದೊಡ್ಡ ಸೆನ್ಸರಿನ ಸೋನಿ ಎ7, 2018ರಲ್ಲಿ ನಿಕಾನ್ ಮತ್ತು ಕ್ಯಾನನ್ ಕಂಪನಿಗಳ ಅಷ್ಟೇ ದೊಡ್ಡ ಸೆನ್ಸರಿನ ಮಿರರ್‌ಲೆಸ್‌ಗಳು ಬಂದವು. ನಿಕಾನ್ ಜಡ್ ಸರಣಿಯಲ್ಲಿ ಆ 46.5 ಮಿ.ಮೀ. ದೂರ 16ಕ್ಕೆ ಇಳಿಯಿತು, ಬಳೆಯ ಒಳಬಾಯಿ 55 ಮಿ.ಮೀ.ಗೆ ಹಿಗ್ಗಿತು. ಈಗ ದೊಡ್ಡ ಗಾಜನ್ನು ಸೆನ್ಸರಿನ ತೀರ ಹತ್ತಿರ ಇಡಬಹುದು. ಹಾಗೆಂದು ಬಯೊಗಾನ್ ಕಾಲಕ್ಕೆ ಪೂರ್ತಿ ಮರಳಲಾಗದು. ತೀರ ಓರೆಯಾಗಿ ಬಿದ್ದ ಬೆಳಕನ್ನು ಸೆನ್ಸರ್ ಫಿಲ್ಮಿನಷ್ಟು ಸಲೀಸಾಗಿ ಸ್ವೀಕರಿಸುವುದಿಲ್ಲ, ಮೂಲೆಗಳಲ್ಲಿ ಬಣ್ಣ ಕೆಡುತ್ತದೆ. ಆದ್ದರಿಂದ ಇಂದಿನ ವಿನ್ಯಾಸಗಾರರು ರೆಟ್ರೋಫೋಕಸ್ಸನ್ನು ಬಿಟ್ಟಿಲ್ಲ, ಎಷ್ಟು ಬೇಕೋ ಅಷ್ಟಕ್ಕೆ ಇಳಿಸಿದ್ದಾರೆ.

ಫಲಿತಾಂಶ ಕೈಗೇ ಗೊತ್ತಾಗುತ್ತದೆ. ನಿಕಾನಿನ ಹಳೆಯ 14-24 ಮಿ.ಮೀ. ಎಫ್ 2.8 ಲೆನ್ಸ್ ಸುಮಾರು 1 ಕೆ.ಜಿ. ತೂಗುತ್ತಿತ್ತು, ಅದರ ಮುಂಗಾಜು ಎಷ್ಟು ಉಬ್ಬಿತ್ತೆಂದರೆ ತಿರುಪಿನ ಫಿಲ್ಟರ್ ಹಾಕುವ ಮಾತೇ ಇರಲಿಲ್ಲ. 2020ರಲ್ಲಿ ಬಂದ ಜಡ್ ಆವೃತ್ತಿ 650 ಗ್ರಾಂ, ಜೊತೆಗೆ ಕೊಡುವ ಹುಡ್‌ಗೆ 112 ಮಿ.ಮೀ. ಫಿಲ್ಟರ್ ಕೂರುತ್ತದೆ. ಜೋಗದ ಧಾರೆಯನ್ನು ಹಗಲಿನಲ್ಲಿ ನಾಲ್ಕಾರು ಸೆಕೆಂಡು ಹಿಡಿಯಬೇಕೆನ್ನುವವರಿಗೆ ಬೆಳಕು ತಗ್ಗಿಸುವ ಫಿಲ್ಟರ್ ಇಲ್ಲದೆ ಗತಿಯಿಲ್ಲ. (ಪೋಲರೈಸರ್ ಮಾತ್ರ ಇಂಥ ಅಗಲದ ಲೆನ್ಸಿಗೆ ಬೇಡ. ಸೂರ್ಯನಿಗೆ ಲಂಬವಾದ ದಿಕ್ಕಿನ ಆಕಾಶ ಮಾತ್ರ ಕಡುನೀಲಿಯಾಗಿ, ಉಳಿದದ್ದು ತೆಳುವಾಗಿ ಚಿತ್ರ ಎಡವಟ್ಟಾಗುತ್ತದೆ.)

ಏಳುವ ಕನ್ನಡಿಯ ಅದುರುವಿಕೆಯೂ ಹೋಯಿತು. ದೂರದ ಶಿಖರವನ್ನು ಉದ್ದ ಲೆನ್ಸಿನಲ್ಲಿ, ಕಾಲು ಸೆಕೆಂಡಿನ ಆಸುಪಾಸಿನ ವೇಗದಲ್ಲಿ ಹಿಡಿಯುವಾಗ ಇದರ ಬೆಲೆ ತಿಳಿಯುತ್ತದೆ. ನಷ್ಟವೂ ಇದೆ: ಪರದೆ ಸದಾ ಬೆಳಗುತ್ತಿರಬೇಕು. ಹೆಚ್ಚುಕಡಿಮೆ ಒಂದೇ ಬ್ಯಾಟರಿ ಬಳಸುವ, ಕನ್ನಡಿಯುಳ್ಳ ನಿಕಾನ್ ಡಿ850 ಒಂದು ಚಾರ್ಜಿಗೆ 1840 ಚಿತ್ರ ಕೊಟ್ಟರೆ, ಕನ್ನಡಿಯಿಲ್ಲದ ಜಡ್7ಕ್ಕೆ ಕಂಪನಿ ಹೇಳಿದ್ದು 330. ಬೆಟ್ಟ ಹತ್ತುವವರು ಇನ್ನೊಂದು ಬ್ಯಾಟರಿ ಒಯ್ಯಲೇಬೇಕು.

ಎಷ್ಟು ಒಳ್ಳೆಯ ಗಾಜು ತಂದರೂ ಮಣಿಯದ ಒಂದು ಸಂಗತಿಯಿದೆ, ಬೆಳಕಿನ ಅಲೆಗುಣ. ಕಿರಿದಾದ ಕಿಂಡಿಯಲ್ಲಿ ಹಾಯ್ದ ಬೆಳಕು ಹರಡಿಕೊಳ್ಳುತ್ತದೆ. ಚುಕ್ಕಿಯೊಂದು ಸಣ್ಣ ಬಿಲ್ಲೆಯಾಗಿ ಬೀಳುತ್ತದೆ. ಇದೇ ವಿವರ್ತನೆ. ಹಸಿರು ಬೆಳಕಿಗೆ ಆ ಬಿಲ್ಲೆಯ ವ್ಯಾಸ ಎಫ್ 8ರಲ್ಲಿ ಸುಮಾರು 11 ಮೈಕ್ರಾನ್, ಎಫ್ 22ರಲ್ಲಿ ಸುಮಾರು 30 (ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಕಿರಿದು). ಜಡ್7ರ ಒಂದು ಪಿಕ್ಸೆಲ್ ಅಗಲ 4.4 ಮೈಕ್ರಾನ್ ಕೂಡ ಇಲ್ಲ. ಎಲ್ಲವೂ ಸ್ಪಷ್ಟವಾಗಲೆಂದು ಎಫ್ 22ಕ್ಕೆ ಮುಚ್ಚಿದವರ ಚಿತ್ರದಲ್ಲಿ ಎಲ್ಲವೂ ಒಂದಿಷ್ಟು ಮಂಕಾಗುವುದು ಇದರಿಂದಲೇ. 1932ರಲ್ಲಿ ಆನ್ಸೆಲ್ ಆ್ಯಡಮ್ಸ್, ಎಡ್ವರ್ಡ್ ವೆಸ್ಟನ್ ಮತ್ತು ಗೆಳೆಯರು ತಮ್ಮ ಗುಂಪಿಗೆ ಎಫ್ 64 ಎಂದು ಹೆಸರಿಟ್ಟುಕೊಂಡದ್ದು ಹಾಗಾದರೆ ತಪ್ಪೇ? ಅಲ್ಲ. 8x10 ಅಂಗುಲದ ನೆಗೆಟಿವನ್ನು ಕಾಗದಕ್ಕೆ ಒತ್ತಿ ಅದೇ ಗಾತ್ರದ ಪ್ರಿಂಟ್ ತೆಗೆದರೆ ಎಫ್ 64ರ ಬಿಲ್ಲೆ 0.1 ಮಿ.ಮೀ.ಗಿಂತ ಚಿಕ್ಕದು, ಬರಿಗಣ್ಣಿಗೆ ಕಾಣುವುದೇ ಇಲ್ಲ. ಎರಡು ಬೆರಳಗಲದ ಸೆನ್ಸರಿನ ಚಿತ್ರವನ್ನು ಹತ್ತಾರು ಪಟ್ಟು ಹಿಗ್ಗಿಸುವ ನಮಗೆ ಆ ರಿಯಾಯಿತಿ ಇಲ್ಲ.

ಹಾಗಾಗಿ ಕೆಲಸ ಎಫ್ 8ರಿಂದ 11ರ ಆಸುಪಾಸಿನಲ್ಲೇ ಆಗಬೇಕು. 24 ಮಿ.ಮೀ. ಲೆನ್ಸನ್ನು ಎಫ್ 11ರಲ್ಲಿ 1.8 ಮೀಟರಿಗೆ ಫೋಕಸ್ ಮಾಡಿದರೆ 0.9 ಮೀಟರಿನಿಂದ ದಿಗಂತದವರೆಗೆ ಸ್ಪಷ್ಟ ಎನ್ನುತ್ತದೆ ಹಳೆಯ ಕೋಷ್ಟಕ. ಆದರೆ ಆ ಲೆಕ್ಕ 30 ಮೈಕ್ರಾನ್ ಮಸುಕನ್ನು ಸರಿಯೆಂದು ಒಪ್ಪಿಕೊಂಡದ್ದು, ಇಂದಿನ ಸೆನ್ಸರಿಗೆ ಅದು ತೀರ ಸಡಿಲ. ವ್ಯೂಫೈಂಡರಿನಲ್ಲಿ ದೃಶ್ಯವನ್ನು ಹಿಗ್ಗಿಸಿ, ಬಂಡೆಗೊಂದು, ನಡುವಿಗೊಂದು, ಗುಡ್ಡಕ್ಕೊಂದು ಫೋಕಸ್ ಮಾಡಿ ತೆಗೆದು ಆಮೇಲೆ ಕೂಡಿಸುವುದು ಉತ್ತಮ. ಕುದುರೆಮುಖದ ಹುಲ್ಲುಗಾವಲಿನಲ್ಲಿ ಗಾಳಿ ಎದ್ದರೆ ಈ ದಾರಿ ಮುಚ್ಚಿತು; ಒಂದು ಚಿತ್ರದ ಹುಲ್ಲು ಇನ್ನೊಂದರ ಹುಲ್ಲಿಗೆ ಹೊಂದುವುದಿಲ್ಲ. ಆಗ ಒಂದೇ ಚಿತ್ರಕ್ಕೆ ತೃಪ್ತಿಪಟ್ಟು ಹತ್ತಿರದ ಹುಲ್ಲಿಗೇ ಫೋಕಸ್ ಕೊಡಿ. ಮಂಜು ಕವಿದ ದೂರದ ಗುಡ್ಡದಲ್ಲಿ ಸೂಕ್ಷ್ಮ ವಿವರ ಹೇಗೂ ಇರುವುದಿಲ್ಲ.