ಡಾ. ಕೆ. ಎಸ್. ಮಣಿಯವರ ಅಪಸ್ಮಾರ ಸಂಶೋಧನೆ

ಸ್ಮೃತಿಯು ತಪ್ಪುವುದರಿಂದ ಅಪಸ್ಮಾರವೆಂಬ ಹೆಸರು. ಜನರ ಬಾಯಲ್ಲಿ ಇದು ಮೂರ್ಛೆರೋಗ. ಇದರ ಒಂದು ವಿಲಕ್ಷಣ ಪ್ರಭೇದವು ದಕ್ಷಿಣ ಕರ್ನಾಟಕದಲ್ಲಿ ವಿಶೇಷವಾಗಿ ಕಂಡುಬರುತ್ತದೆ. ಹಂಡೆಯ ಬಿಸಿನೀರನ್ನು ತಲೆಯ ಮೇಲೆ ತಂಬಿಗೆ ತಂಬಿಗೆಯಾಗಿ ಸುರಿದುಕೊಳ್ಳುತ್ತಿರುವಾಗಲೇ ರೋಗಿಗೆ ಸೆಳವು ಬರುವುದು. ಬಚ್ಚಲುಮನೆಯ ಈ ನಿತ್ಯಸಂಗತಿಯನ್ನು ಶಾಸ್ತ್ರವಿಷಯವನ್ನಾಗಿ ಮಾಡಿದವರಲ್ಲಿ ಬೆಂಗಳೂರಿನ ನರರೋಗತಜ್ಞ ಡಾ. ಮಣಿಯವರು ಪ್ರಮುಖರು. ನ್ಯೂಜಿಲೆಂಡಿನ ಒಬ್ಬ ಬಾಲಕನ ವೃತ್ತಾಂತವು 1945ರಲ್ಲಿಯೇ ಪ್ರಕಟವಾಗಿದ್ದಿತು, ನಿಜ. ಆದರೆ 1968ರಲ್ಲಿ 'ನ್ಯೂರಾಲಜಿ ಇಂಡಿಯಾ' ಪತ್ರಿಕೆಯಲ್ಲಿ ಮಣಿಯವರೂ ಸಂಗಡಿಗರೂ ಬರೆದ ಪ್ರಾಥಮಿಕ ವರದಿಯೂ, ಅನಂತರ ಅವರು 60 ರೋಗಿಗಳನ್ನು ಪರೀಕ್ಷಿಸಿ ಬರೆದುದೂ ವಿಷಯಕ್ಕೆ ಅಡಿಪಾಯವಾದುವು. 1988ರಲ್ಲಿ ಡಾ. ಪಿ. ಸತೀಶ್‌ಚಂದ್ರ ಮತ್ತು ಸಹೋದ್ಯೋಗಿಗಳು 279 ರೋಗಿಗಳ ವಿವರವನ್ನು ಪ್ರಕಟಿಸಿದರು. ದೂರದ ಟರ್ಕಿಯ ವೈದ್ಯರೂ ಈ ರೋಗವನ್ನು ಕುರಿತು ಬರೆಯುವಾಗ ಬೆಂಗಳೂರಿನ ಲೇಖನಗಳನ್ನು ಉಲ್ಲೇಖಿಸುತ್ತಾರೆ. ಪಂಡಿತರಲ್ಲಿ ಪೂರ್ವಸೂರಿಗಳನ್ನು ಸ್ಮರಿಸುವ ಪದ್ಧತಿಯಿರುವಂತೆಯೇ ಇದೂ.

ಉಲ್ಲೇಖಗಳಿಗಿಂತ ಹೆಚ್ಚಿನದು ಯಳಂದೂರಿನ ಕಾರ್ಯ. ಅಲ್ಲಿ ಸುಮಾರು 65 ಸಾವಿರ ಜನರ ನಡುವೆ ಮನೆಮನೆಗೂ ಹೋಗಿ ರೋಗಿಗಳನ್ನು ಗುರುತಿಸಿ, ಫೀನೋಬಾರ್ಬಿಟಾಲ್ ಅಥವಾ ಫೆನಿಟಾಯಿನ್ ಎಂಬ ಹಳೆಯ, ಅಗ್ಗದ ಮಾತ್ರೆಗಳನ್ನು ಕೊಟ್ಟು, ಮಣಿಯವರ ತಂಡವು ವರ್ಷಗಟ್ಟಲೆ ಪರಿಶೀಲಿಸಿತು. 2001ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಚಿಕಿತ್ಸೆಗೆ ಮುನ್ನ 30 ಅಥವಾ ಅದಕ್ಕಿಂತ ಕಡಿಮೆ ಸಲ ಸೆಳವು ಬಂದಿದ್ದವರು, ಅದಕ್ಕಿಂತ ಹೆಚ್ಚು ಸಲ ಬಂದಿದ್ದವರಿಗಿಂತ ಚೆನ್ನಾಗಿ ಗುಣ ಹೊಂದಿದರು.