200 ಜಿಬಿ ಬ್ಯಾಕಪ್: ಎಷ್ಟು ಹೊತ್ತು, ಎಷ್ಟು ಹೊರೆ?

ರಾತ್ರಿ 2 ಗಂಟೆಗೂ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಯಾರೋ ರೋಗಿಯ ಹಳೇ ದಾಖಲೆ ಹುಡುಕುತ್ತಿರುತ್ತಾರೆ. ಅದೇ ಹೊತ್ತಿಗೆ ಬ್ಯಾಕಪ್ ಶುರುವಾಗಿ ಡಿಸ್ಕನ್ನೆಲ್ಲ ಹಿಡಿದುಕೊಂಡರೆ ಕೌಂಟರಿನ ಪರದೆ ಸುತ್ತುತ್ತಲೇ ಇರುತ್ತದೆ. ಬ್ಯಾಕಪ್ ಬಿಡುವಂತಿಲ್ಲ, ಕೌಂಟರನ್ನೂ ಕಾಯಿಸುವಂತಿಲ್ಲ. ಹಾಗಾಗಿ ಮೊದಲು ಲೆಕ್ಕ ಹಾಕಬೇಕು.

ಪೋಸ್ಟ್‌ಗ್ರೆಸ್ ಡೇಟಾಬೇಸ್ 200 ಜಿಬಿ (2,04,800 ಎಂಬಿ) ಎಂದಿಟ್ಟುಕೊಳ್ಳೋಣ. ಡಿಸ್ಕ್ ಸೆಕೆಂಡಿಗೆ 160 ಎಂಬಿ ಓದಬಲ್ಲದು. ಪ್ರತಿ ಬದಲಾವಣೆಯನ್ನೂ ಬರೆದಿಡುವ ವಾಲ್ ಕಡತ ಸೆಕೆಂಡಿಗೆ 1 ಎಂಬಿ ಬೆಳೆಯುತ್ತದೆ.

| ವೇಗ (ಸೆಕೆಂಡಿಗೆ) | ಡಿಸ್ಕಿನ ಪಾಲು | ಹಿಡಿಯುವ ಸಮಯ | ಅಷ್ಟರಲ್ಲಿ ಬೆಳೆದ ವಾಲ್ |
|---|---|---|---|
| 160 ಎಂಬಿ | 100% | 21 ನಿ. 20 ಸೆ. | 1.25 ಜಿಬಿ |
| 40 ಎಂಬಿ | 25% | 1 ಗಂ. 25 ನಿ. | 5 ಜಿಬಿ |
| 20 ಎಂಬಿ | 12.5% | 2 ಗಂ. 51 ನಿ. | 10 ಜಿಬಿ |
| 10 ಎಂಬಿ | 6.25% | 5 ಗಂ. 41 ನಿ. | 20 ಜಿಬಿ |

ವೇಗಕ್ಕೆ ಕಡಿವಾಣ ಹಾಕಲು ಪೋಸ್ಟ್‌ಗ್ರೆಸ್‌ನದೇ ಬ್ಯಾಕಪ್ ಸಾಧನವಾದ ಪಿಜಿ_ಬೇಸ್‌ಬ್ಯಾಕಪ್‌ನಲ್ಲಿ ಮ್ಯಾಕ್ಸ್-ರೇಟ್ ಆಯ್ಕೆಯಿದೆ. ಸೆಕೆಂಡಿಗೆ 32 ಕೆಬಿಯಿಂದ 1,024 ಎಂಬಿವರೆಗೆ ಮಿತಿ ಕೊಡಬಹುದು.

ನಿಧಾನಕ್ಕೂ ಬೆಲೆಯಿದೆ. ಬ್ಯಾಕಪ್ ಎಳೆದಷ್ಟೂ ವಾಲ್ ಬೆಳೆಯುತ್ತದೆ. ಮರಳಿ ಕಟ್ಟುವ ದಿನ ಅಷ್ಟನ್ನೂ ಮೊದಲಿಂದ ಓಡಿಸಬೇಕು. 10 ಎಂಬಿ ವೇಗದಲ್ಲಿ ರಾತ್ರಿ 2ಕ್ಕೆ ಶುರುವಾದದ್ದು ಬೆಳಿಗ್ಗೆ 7.41ಕ್ಕೆ ಮುಗಿದು, ಹೊರರೋಗಿಗಳ ಸಾಲಿಗೆ ಎದುರಾಗುತ್ತದೆ.

ಹಾರ್ಡ್ ಡಿಸ್ಕಾದರೆ ಪಾಲಿನ ಲೆಕ್ಕ ಇನ್ನೂ ಬಿಗಿ. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕಿಗೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ಬೇಕು. ಬ್ಯಾಕಪ್ಪಿಗಾಗಿ ಓದುತ್ತಿದ್ದ ಡಿಸ್ಕಿನ ಹೆಡ್ ಕೌಂಟರಿನ ದಾಖಲೆಗೆ ಜಿಗಿದು, ಮತ್ತೆ ಹಿಂದಿರುಗುವಾಗ ಸರಾಸರಿ ಅರ್ಧ ಸುತ್ತು ಕಾಯುತ್ತದೆ. ಹಾಗಾಗಿ 25% ಪಾಲು ಅನುಭವದಲ್ಲಿ ಅದಕ್ಕಿಂತ ಹೆಚ್ಚೇ ತಟ್ಟುತ್ತದೆ.

ಹೊರೆ ತಗ್ಗಿಸುವ ಇನ್ನೆರಡು ದಾರಿಗಳಿವೆ. 2012ರ 9.2 ಆವೃತ್ತಿಯಿಂದ ಬ್ಯಾಕಪ್ಪನ್ನು, ಮುಖ್ಯ ಸರ್ವರಿನ ನಕಲನ್ನು ಸದಾ ಇಟ್ಟುಕೊಳ್ಳುವ ಸ್ಟ್ಯಾಂಡ್‌ಬೈ ಸರ್ವರಿನಿಂದಲೇ ತೆಗೆಯಬಹುದು. ಖರ್ಚು ಇನ್ನೊಂದು ಯಂತ್ರದ್ದು. 2024ರ 17ನೇ ಆವೃತ್ತಿಯಲ್ಲಿ ಬದಲಾದ ಭಾಗವನ್ನಷ್ಟೇ ತೆಗೆಯುವ ಸೌಲಭ್ಯ ಬಂತು. 5% ಬದಲಾಗಿದ್ದರೆ 10 ಜಿಬಿ. 40 ಎಂಬಿ ವೇಗದಲ್ಲಿ 4 ನಿಮಿಷ 16 ಸೆಕೆಂಡು. ಆದರೆ ಮರಳಿ ಕಟ್ಟಲು ಮೂಲ ಬ್ಯಾಕಪ್ಪೂ ನಡುವೆ ತೆಗೆದ ಭಾಗಶಃ ಬ್ಯಾಕಪ್ಪುಗಳೂ ಒಂದೂ ಕಳೆಯದೆ ಇರಬೇಕು.

2ರಿಂದ 5ರವರೆಗೆ ಬಿಡುವಿದ್ದರೆ 20 ಎಂಬಿ ಸಾಲದು. ಉಳಿಯುವುದು ಬರೀ 9 ನಿಮಿಷ. 40 ಎಂಬಿ ಹಾಕಿದರೆ ಒಂದೂವರೆ ಗಂಟೆ ಕೈಯಲ್ಲಿರುತ್ತದೆ: ಮೊದಲ ಪ್ರಯತ್ನ ಕೆಟ್ಟರೂ ಬೆಳಗಾಗುವುದರೊಳಗೆ ಇನ್ನೊಮ್ಮೆ ತೆಗೆಯಲು ಅಷ್ಟು ಸಾಕು.